ಕೂಡಿಹಾಕುವ ಅವಸರ ಬೇಡ, ತಂಗೀ

ತಂಗೀ, ಮಗನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ಮಾತ್ರೆಯ ಶೀಟಿನ ಫೋಟೊ ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದೀಯ: 'ಅಣ್ಣಾ, ಯಾವ ರಿಹ್ಯಾಬ್‌ಗೆ ಹಾಕಲಿ?' ಹಾಕುವ ಮಾತು ಆಮೇಲೆ. ಮೊದಲು ಅದು ಏನು ಅಂತ ತಿಳಿದುಕೋ. ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು ಸರ್ವೀಸ್ ಮುಗಿಸಿದವನು. ಡೋಸು ಎಷ್ಟು ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಕಿಟಕಿಯ ಆಚೆ ನಿಂತ ಇಂಥ ಹುಡುಗರನ್ನೂ ಅವರ ಹಿಂದೆ ಸೆರಗು ಹಿಡಿದು ನಿಂತ ತಾಯಂದಿರನ್ನೂ ಬೇಕಾದಷ್ಟು ನೋಡಿದ್ದೇನೆ.

ಅದು ಟಪೆಂಟಡಾಲ್. ತೀವ್ರ ನೋವಿಗೆ ವೈದ್ಯರು ಬರೆದುಕೊಡುವ ಮಾತ್ರೆ. ಅಫೀಮು, ಮಾರ್ಫಿನ್, ಹೆರಾಯಿನ್ ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತವೋ ಇದೂ ಅಲ್ಲೇ ಹೋಗಿ ಕೂರುತ್ತದೆ. ಈ ಜಾತಿಗೆಲ್ಲ ಒಟ್ಟಾಗಿ ಓಪಿಯಾಯ್ಡ್ ಅನ್ನುತ್ತಾರೆ. 2018ರಲ್ಲಿ ಇದರ ದಾಯಾದಿ ಟ್ರಾಮಡಾಲನ್ನು ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿಸಿದರು. ಒಂದು ಕಡೆ ಬಿಗಿ ಮಾಡಿದರೆ ಜನ ಇನ್ನೊಂದು ಕಡೆ ವಾಲುತ್ತಾರೆ, ಅದು ಲೋಕರೂಢಿ. ಕೆಲವರು ಮಾತ್ರೆಯನ್ನು ಅರೆದು, ನೀರಿನಲ್ಲಿ ಕಲಸಿ, ಸೂಜಿಯಲ್ಲಿ ಏರಿಸಿಕೊಳ್ಳುತ್ತಾರೆ. ಸೆಕೆಯಲ್ಲೂ ಅವನು ತುಂಬುತೋಳಿನ ಅಂಗಿ ಹಾಕುತ್ತಿದ್ದರೆ ಒಮ್ಮೆ ಮೊಣಕೈಯ ಒಳಗಡೆ ನೋಡು. ಸೂಜಿಯ ಗುರುತಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಬೇಕು. ಹೆಪಟೈಟಿಸ್ ಸಿ ಈಗ ಗುಣವಾಗುವ ಕಾಯಿಲೆ, ಸರ್ಕಾರದ ಯೋಜನೆಯಲ್ಲಿ ಔಷಧಿ ಉಚಿತ. ಹೆದರಿ ಪರೀಕ್ಷೆ ತಪ್ಪಿಸಬೇಡ.

'ನಮ್ಮ ಮನೆಗೇ ಯಾಕೆ ಬಂತು' ಅಂತ ನೀನು ಅತ್ತಿದ್ದೀಯಂತೆ. ನಿನ್ನ ಮನೆಗೊಂದೇ ಬಂದಿಲ್ಲ. ಕೇಂದ್ರ ಸರ್ಕಾರ ಏಮ್ಸ್ ವೈದ್ಯರಿಂದ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆ ಹೇಳುವಂತೆ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಜಾತಿಯ ವಸ್ತು ಬಳಸುತ್ತಿದ್ದರು. ಅವರಲ್ಲಿ 77 ಲಕ್ಷದಷ್ಟು ಮಂದಿಗೆ ಚಿಕಿತ್ಸೆಯ ನೆರವು ಬೇಕಿತ್ತು. ಚಿಕಿತ್ಸೆ ಸಿಕ್ಕವರು ಅದರಲ್ಲಿ ತೀರ ಸ್ವಲ್ಪ. ಸಿಕ್ಕವರಲ್ಲೂ ಅನೇಕರಿಗೆ ಸಿಕ್ಕಿದ್ದು ಬೀಗ, ಬೈಗುಳ, ಗಂಜಿ.

ನಿನಗೆ ನಾನು ಹೇಳಬೇಕಾದ ಮಾತು ಇದೇ. ಈ ಚಟಕ್ಕೆ ಔಷಧಿ ಇದೆ. ಚೆನ್ನಾಗಿ ಕೆಲಸ ಮಾಡುವ ಔಷಧಿ. ಅದನ್ನು ಕೊಡಿಸದೆ ಬರೀ ಕೂಡಿಹಾಕುವುದು ಖರ್ಚಿನ ದಾರಿ ಮಾತ್ರವಲ್ಲ, ಅಪಾಯದ ದಾರಿ.

ಯಾಕೆ ಅಪಾಯ ಅಂತ ಕೇಳು. ದಿನವೂ ತೆಗೆದುಕೊಳ್ಳುವವನ ದೇಹ ಒಂದು ಮಟ್ಟಕ್ಕೆ ಒಗ್ಗಿಕೊಂಡಿರುತ್ತದೆ. ಬೇರೆಯವರನ್ನು ಮಲಗಿಸಿಬಿಡುವ ಪ್ರಮಾಣ ಅವನಿಗೆ ಮಾಮೂಲು. ಯಾವುದೋ ಕೇಂದ್ರದಲ್ಲಿ ಒಂದೆರಡು ತಿಂಗಳು ಕೂಡಿಹಾಕಿದರೆ ಆ ಒಗ್ಗಿಕೆ ಇಳಿದುಹೋಗುತ್ತದೆ, ಆಸೆ ಇಳಿಯುವುದಿಲ್ಲ. ಹೊರಗೆ ಬಂದ ಹುಡುಗ ಹಳೆಯ ಲೆಕ್ಕದಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕವೊಂದು ಬಂತು. ಔಷಧಿ ಚಿಕಿತ್ಸೆಯಲ್ಲಿ ಇರುವವರಿಗಿಂತ ಬಿಟ್ಟುಹೋದವರಲ್ಲಿ ಸಾವಿನ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು. ಅದರಲ್ಲೂ ಬಿಟ್ಟ ಮೊದಲ ನಾಲ್ಕು ವಾರ ಬಹಳ ಕೆಟ್ಟ ಕಾಲ.

ಔಷಧಿಯ ಹೆಸರು ಬ್ಯುಪ್ರೆನಾರ್ಫಿನ್. ಸಾಮಾನ್ಯವಾಗಿ ನಾಲಾಕ್ಸೋನ್ ಜೊತೆ ಸೇರಿಸಿದ ಮಾತ್ರೆಯಾಗಿ ಬರುತ್ತದೆ. ಇದೂ ಅಫೀಮಿನ ಕಡೆಯದೇ ನೆಂಟು. ಭಾವನವರು ಇದನ್ನು ಕೇಳಿದ ಕೂಡಲೇ 'ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರಾ?' ಅಂತ ಗದರುತ್ತಾರೆ, ನನಗೆ ಗೊತ್ತು. ಎಲ್ಲ ಅಪ್ಪಂದಿರೂ ಅದನ್ನೇ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಅವರಿಗೆ ಹೀಗೆ ಹೇಳು: ಕೆಂಪು ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ಇದು ಮೆದುಳಿನ ಆ ಜಾಗ ಹಿಡಿದುಕೊಂಡುಬಿಡುತ್ತದೆ. ಆಮೇಲೆ ಬಂದ ಹೆರಾಯಿನ್ನಿಗೋ ಟಪೆಂಟಡಾಲಿಗೋ ಕೂರಲು ಜಾಗ ಸಿಗುವುದು ಕಷ್ಟ. ಇದರ ಪ್ರಭಾವ ಒಂದು ಮಿತಿಯವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ತಲೆಗೇರುವ ಅಮಲೂ ಕಡಿಮೆ, ಉಸಿರು ಕುಗ್ಗಿಸುವ ಅಪಾಯವೂ ಕಡಿಮೆ. ಹಾಗಂತ ಜೊತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಬೆರೆಸಿದರೆ ಅಪಾಯವೇ. ಸರಿಯಾದ ಡೋಸಿನಲ್ಲಿರುವ ಹುಡುಗ ಕೆಲಸಕ್ಕೆ ಹೋಗುತ್ತಾನೆ, ಊಟ ಮಾಡುತ್ತಾನೆ, ರಾತ್ರಿ ಮಲಗುತ್ತಾನೆ. ದುಡ್ಡಿಗಾಗಿ ನಿನ್ನ ಡಬ್ಬಿ ತಡಕುವುದಿಲ್ಲ. ಚಟ ಅಂದರೆ ಬದುಕು ಕೆಡಿಸುವುದು, ಇದು ಬದುಕು ಕೂಡಿಸಿಕೊಳ್ಳಲು ಪುರುಸೊತ್ತು ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನೂ ಇದೇ ಕೆಲಸಕ್ಕೆ ಬಳಸುವ ಮೆಥಡೋನನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಫ್ರಾನ್ಸಿನಲ್ಲಿ 1995ರಲ್ಲಿ ಮಾಮೂಲಿ ಡಾಕ್ಟರುಗಳೂ ಇದನ್ನು ಬರೆದುಕೊಡಬಹುದು ಎಂದು ಮಾಡಿದರು. ನಾಲ್ಕೇ ವರ್ಷದಲ್ಲಿ ಹೆರಾಯಿನ್ ಜಾತಿಯ ಓವರ್‌ಡೋಸ್ ಸಾವುಗಳು ಐದರಲ್ಲಿ ನಾಲ್ಕು ಪಾಲಿನಷ್ಟು ಇಳಿದವು. ಔಷಧಿ ಅದೇ, ಸಿಗುವ ಬಾಗಿಲು ಮಾತ್ರ ಹೆಚ್ಚಾಯಿತು.

ಇನ್ನು ಮೊದಲ ದಿನದ ವಿಷಯ, ಇದನ್ನು ಗಮನವಿಟ್ಟು ಓದು. ಈ ಮಾತ್ರೆ ಕೊಡುವ ಹೊತ್ತಿಗೆ ಹಳೆಯದು ದೇಹದಿಂದ ಇಳಿದಿರಬೇಕು, ಸಾಮಾನ್ಯವಾಗಿ ಹನ್ನೆರಡು ಗಂಟೆಗಾದರೂ ಬಿಟ್ಟಿರಬೇಕು. ಆಕಳಿಕೆ, ಮೂಗು ಸೋರುವುದು, ಕಣ್ಣಲ್ಲಿ ನೀರು, ಮೈಮೇಲೆ ರೋಮಾಂಚನ, ಹೊಟ್ಟೆ ಹಿಂಡುವುದು, ಭೇದಿ, ಮಲಗಿದಲ್ಲೇ ಕಾಲು ಝಾಡಿಸುವುದು, ಇವೆಲ್ಲ ಇಳಿಯುತ್ತಿರುವ ಲಕ್ಷಣ. ಆ ಹುಡುಗನ ಪಾಲಿಗೆ ಅದು ನರಕ. ಆ ಸಂಕಟ ತಾಳಲಾರದೆ ಬೆಳಗ್ಗೆ ಬಚ್ಚಲಿಗೆ ಹೋಗಿ ಕದ್ದು ಒಂದು ಮಾತ್ರೆ ನುಂಗಿ ಆಸ್ಪತ್ರೆಗೆ ಬಂದರೆ, ಅಲ್ಲಿ ಕೊಡುವ ಬ್ಯುಪ್ರೆನಾರ್ಫಿನ್ ಹಳೆಯದನ್ನು ಏಕಾಏಕಿ ಎಬ್ಬಿಸಿ ಓಡಿಸುತ್ತದೆ, ಸಂಕಟ ಹತ್ತು ಪಾಲಾಗುತ್ತದೆ. 'ಈ ಔಷಧಿ ನನಗೆ ಆಗಿಬರುವುದಿಲ್ಲ' ಅಂತ ಅವನು ಓಡಿಹೋಗುವುದು ಅಲ್ಲೇ. ಆದ್ದರಿಂದ ಹಿಂದಿನ ರಾತ್ರಿ ಮೃದುವಾಗಿ ಹೇಳು: 'ತಗೊಂಡ್ರೂ ಪರವಾಗಿಲ್ಲ ಕಣೋ, ಡಾಕ್ಟರ್ ಹತ್ರ ಮಾತ್ರ ಮುಚ್ಚಿಡಬೇಡ.' ತಗೊಂಡಿದ್ದರೆ ಒಂದಷ್ಟು ಹೊತ್ತು ಕಾಯಿಸಿ ಕೊಡುತ್ತಾರೆ, ಅಷ್ಟೇ.

ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಪೂರ್ತಿ ಕರಗಲು ಐದು ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ ಮಾತು ಬೇಡ, ಕಾಫಿ ಬೇಡ, ಎಂಜಲು ನುಂಗುವುದೂ ಬೇಡ. ನುಂಗಿದರೆ ಹೊಟ್ಟೆಗೆ ಹೋಗಿ ಬಹುಪಾಲು ವ್ಯರ್ಥ. ಕೆಲವು ಕಡೆ ಕರಗುವವರೆಗೂ ಎದುರಿಗೆ ಕೂರಿಸಿ, ಕೊನೆಗೆ 'ನಾಲಿಗೆ ಎತ್ತು' ಅಂತ ನೋಡುತ್ತಾರೆ. ಮಾತ್ರೆ ಹೊರಗೆ ಮಾರಾಟವಾಗಬಾರದು ಅಂತ ಆ ನಿಯಮ. ನಿಯಮ ಸರಿ, ಆದರೆ ನಡೆಸುವ ರೀತಿ ಒಂದೊಂದು ಕಡೆ ಒಂದೊಂದು. ಒಂದು ಆಸ್ಪತ್ರೆಯಲ್ಲಿ ನಾನೇ ಕಂಡೆ. ಸಾಲಿನಲ್ಲಿ ಬಾಣಂತಿಯರು, ಮುದುಕರು, ಊರಿನ ಮೇಷ್ಟ್ರು ಎಲ್ಲರೂ ನಿಂತಿರುವಾಗ ಕಿಟಕಿಯಿಂದ ಒಬ್ಬ ಕೂಗಿದ: 'ಡ್ರಗ್ಸ್ ಪಾರ್ಟಿ ಯಾರು, ಈ ಕಡೆ ಬನ್ನಿ.' ನಾಲ್ವರು ಹುಡುಗರಿದ್ದರು. ಮುಂದೆ ಬಂದವನು ಒಬ್ಬ. ಉಳಿದ ಮೂವರು ಗೇಟು ದಾಟಿ ಹೋದರು.

ಚಿಕಿತ್ಸೆ ಸಿಗುವುದು ಬೇರೆ, ಚಿಕಿತ್ಸೆಯಲ್ಲಿ ಉಳಿಯುವುದು ಬೇರೆ. ದಿನಾ ಬಾ, ಬಂದು ನಿಲ್ಲು, ಬೈಸಿಕೊ ಅಂದರೆ ಗಾರೆ ಕೆಲಸದವನು ಎಷ್ಟು ದಿನ ಕೂಲಿ ಬಿಟ್ಟು ಬಂದಾನು? ಪಂಜಾಬಿನಲ್ಲಿ ಇದರ ಪಾಠ ಕಾಣುತ್ತದೆ. ಅಲ್ಲಿನ ಸರ್ಕಾರ 2017ರಲ್ಲಿ ಆಸ್ಪತ್ರೆಗೆ ದಾಖಲಿಸಿಕೊಳ್ಳದೆ ಹೊರರೋಗಿಗಳಿಗೆ ಈ ಮಾತ್ರೆ ಕೊಡುವ ಕ್ಲಿನಿಕ್ಕುಗಳನ್ನು ಶುರುಮಾಡಿತು. ಮೊದಮೊದಲು ದಿನವೂ ಬಂದು ತೆಗೆದುಕೊಳ್ಳಬೇಕಿತ್ತು. 2020ರ ಲಾಕ್‌ಡೌನಿನಲ್ಲಿ ಬೇರೆ ದಾರಿಯಿಲ್ಲದೆ ಹಲವು ದಿನಗಳ ಮಾತ್ರೆಯನ್ನು ಒಟ್ಟಿಗೆ ಮನೆಗೆ ಕೊಟ್ಟರು. ಹೊಸದಾಗಿ ಹೆಸರು ಬರೆಸುವವರ ಸಂಖ್ಯೆ ಏರಿತು. ನೀನೂ ಕೇಳು: 'ಡಾಕ್ಟ್ರೇ, ಸ್ವಲ್ಪ ಸ್ಥಿರ ಆದ್ಮೇಲೆ ವಾರದ ಮಾತ್ರೆ ಮನೆಗೆ ಕೊಡ್ತೀರಾ?' ಕೊಟ್ಟರೆ ಬೀರುವಿನಲ್ಲಿಟ್ಟು ಬೀಗ ಹಾಕು. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಒಂದು ಮಾತ್ರೆಯೂ ಅದಕ್ಕೆ ವಿಷ.

ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ, ವ್ಯಸನ ಚಿಕಿತ್ಸೆಯ ಕೇಂದ್ರಗಳಿಗಷ್ಟೇ ಪೂರೈಕೆ. ನಮ್ಮ ರಾಜ್ಯದಲ್ಲಿ ದೊಡ್ಡ ಆಸರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಅಂತ ಯೋಜನೆಯಿದೆ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಸೂಜಿ ಬಳಸುವವರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ ನಡೆಸುವ, ಬದಲಿ ಔಷಧಿ ಕೊಡುವ ಓಎಸ್‌ಟಿ ಕೇಂದ್ರಗಳಲ್ಲಿ ಈ ಮಾತ್ರೆ ಉಚಿತ. ಹೋಗುವ ಮುಂಚೆ ಫೋನು ಮಾಡಿ, ಬ್ಯುಪ್ರೆನಾರ್ಫಿನ್ ಅಲ್ಲಿ ಇದೆಯೇ ಅಂತ ಹೆಸರು ಹೇಳಿಯೇ ಕೇಳು. ಬಸ್ ಚಾರ್ಜು ಹಾಕಿಕೊಂಡು ಹೋಗಿ ಬರಿಗೈಲಿ ಬರುವ ಹುಡುಗ ಎರಡನೇ ಸಲ ಹೊರಡುವುದಿಲ್ಲ.

ಖಾಸಗಿ ಕೇಂದ್ರವೇ ಬೇಕು ಅಂತ ಭಾವನವರು ಹಟ ಹಿಡಿದರೆ ಬೋರ್ಡು ನೋಡಿ ಮರುಳಾಗಬೇಡಿ. ಮನೋವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ, ಯಾವ ಔಷಧಿ ಕೊಡುತ್ತೀರಿ, ಡಿಸ್ಚಾರ್ಜ್ ಆದ ಮೇಲೆ ಔಷಧಿ ಮುಂದುವರಿಸುವವರು ಯಾರು, ಇಷ್ಟನ್ನು ಎದುರಿಗೆ ಕೂತು ಕೇಳಿ. 'ಇಲ್ಲಿ ಔಷಧಿಯೇ ಇಲ್ಲ, ಶಿಸ್ತೇ ಔಷಧಿ' ಅಂದರೆ ಎದ್ದು ಬನ್ನಿ. 'ಒಂದು ತಿಂಗಳು ಮಗನನ್ನು ನೋಡುವ ಹಾಗಿಲ್ಲ' ಅಂದರೂ ಎದ್ದು ಬನ್ನಿ. ರಾತ್ರಿ ಗಾಡಿ ಕಳಿಸಿ, ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಹೋಗುತ್ತೇವೆ ಅನ್ನುವವರಿಗಂತೂ ವಿಳಾಸವನ್ನೇ ಕೊಡಬೇಡಿ. ಮಾನಸಿಕ ಆರೋಗ್ಯದ ಆ 2017ರ ಕಾಯ್ದೆ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿದೆ, ಅವನ ವಿವರ ಗುಟ್ಟಾಗಿಡಬೇಕು ಅಂದಿದೆ. ಒಪ್ಪಿಗೆಯಿಲ್ಲದೆ ದಾಖಲಿಸುವುದಕ್ಕೂ ಕಟ್ಟುನಿಟ್ಟಿನ ಕ್ರಮವಿದೆ. ಹೊಡೆತ ತಿಂದು ಬಂದವನು ಮತ್ತೆ ಬಿದ್ದಾಗ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ, ಆ ನಷ್ಟಕ್ಕೆ ಬಿಲ್ಲು ಇರುವುದಿಲ್ಲ.

ಪೊಲೀಸರ ಭಯವೂ ನಿನಗಿದೆ. ಮಾದಕವಸ್ತು ಕಾಯ್ದೆಯಲ್ಲಿ 64ಎ ಅಂತ ಒಂದು ಕಲಮು ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಆಸ್ಪತ್ರೆಯ ಚೀಟಿ, ಮಾತ್ರೆಯ ಪುಸ್ತಕ ಎಲ್ಲವನ್ನೂ ಒಂದು ಕವರಿನಲ್ಲಿ ಜೋಪಾನವಾಗಿಡು.

ಅವನು ಮತ್ತೆ ಜಾರಬಹುದು. ಜಾರಿದ ದಿನ ಕೂಗಾಡಿ ಮನೆಯಿಂದ ಹೊರಗೆ ಹಾಕಬೇಡಿ, ಭಾವನವರ ಬೆಲ್ಟಂತೂ ಬೇಡವೇ ಬೇಡ. ಮಾರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡೋಸು ಸಾಲದೆ ಇರಬಹುದು. ಎಬ್ಬಿಸಿದರೆ ಏಳದೆ, ತುಟಿ ನೀಲಿಗಟ್ಟಿ, ಉಸಿರು ಅಪರೂಪಕ್ಕೊಮ್ಮೆ ಗೊರಗೊರ ಅನ್ನುತ್ತಿದ್ದರೆ ಅದನ್ನು ಗೊರಕೆ ಅಂದುಕೊಳ್ಳಬೇಡ. 108ಕ್ಕೆ ಫೋನು ಮಾಡು, ಮಗ್ಗುಲಾಗಿ ಮಲಗಿಸು, ಏನು ತಗೊಂಡಿದ್ದಾನೆ ಅಂತ ಸಂಕೋಚವಿಲ್ಲದೆ ಹೇಳು. ನಾಲಾಕ್ಸೋನ್ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಉಸಿರು ಮರಳುತ್ತದೆ, ಆದರೆ ಡಾಕ್ಟರಿಗೆ ವಿಷಯ ಗೊತ್ತಿರಬೇಕು.

ಮಾತ್ರೆ ಯಾವಾಗ ನಿಲ್ಲಿಸಬಹುದು ಅಂತ ಮೊದಲ ತಿಂಗಳೇ ಕೇಳಬೇಡ. ಕೆಲವರಿಗೆ ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಮದುವೆ ಗೊತ್ತಾಯಿತು, ಪರೀಕ್ಷೆ ಬಂತು ಅಂತ ಮನೆಯವರೇ ನಿಲ್ಲಿಸಿಬಿಟ್ಟ ಪ್ರಸಂಗಗಳನ್ನು ಬೇಕಾದಷ್ಟು ಕಂಡಿದ್ದೇನೆ, ಒಂದೂ ಒಳ್ಳೆಯದಾಗಲಿಲ್ಲ. ಇಳಿಸುವುದಾದರೆ ನಿಧಾನವಾಗಿ, ಅವನು ಸಿದ್ಧನಾದಾಗ, ಡಾಕ್ಟರು ಹೇಳಿದ ಹಾಗೆ.

ಈ ರಾತ್ರಿಯೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನು ಮಾಡು. ಟೆಲಿ ಮಾನಸ್ ಅಂತ, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.