‘ಹಾಯ್’ ಅನ್ನಲು ವ್ಯಾಕರಣ ಬೇಕಿಲ್ಲ

ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ದೆಹಲಿಯ ಸರೋಜಿನಿ ನಗರಕ್ಕೆ ಬಂದಿಳಿಯುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತು. ಇಲ್ಲಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯವರು ತಮಿಳರಿರಬಹುದು, ಬಂಗಾಳಿಗಳಿರಬಹುದು. ನಿಮ್ಮ ಹಿಂದಿ ಇನ್ನೂ ಕುಂಟುತ್ತಿರುವಾಗ ಕೈಹಿಡಿಯುವುದು ನಾಲ್ಕು ಇಂಗ್ಲಿಷ್ ಮಾತು.

ಶಾಲೆಯಲ್ಲಿ ಉರುಹೊಡೆದ ‘ಹೌ ಡು ಯು ಡು’ ಪುಸ್ತಕದಲ್ಲೇ ಇರಲಿ. ಈಗ ಅದನ್ನು ಆಡುವವರು ಕಡಿಮೆ. ‘ಹಾಯ್’ ಸಾಕು. ‘ಹೌ ಆರ್ ಯು’ ಎಂದವರಿಗೆ ‘ಗುಡ್, ಹೌ ಅಬೌಟ್ ಯು’ ಎಂದುಬಿಡಿ. ಅವರು ನಿಮ್ಮ ಮಂಡಿನೋವಿನ ವರದಿ ಕೇಳುತ್ತಿಲ್ಲ. ದಾರಿಯಲ್ಲಿ ಸಿಕ್ಕವರನ್ನು ನಾವು ‘ಊಟ ಆಯ್ತಾ’ ಎಂದು ಕೇಳುತ್ತೇವಲ್ಲ, ಹಾಗೆ. ‘ವಾಟ್ಸ್ ಅಪ್’ಗೆ ‘ನಾಟ್ ಮಚ್’ ಧಾರಾಳವಾಯಿತು.

ಪರಿಚಯ ಹೇಳಿಕೊಳ್ಳುವಾಗ ‘ಮೈಸೆಲ್ಫ್ ರಮೇಶ್’ ಬೇಡ. ‘ಹಾಯ್, ಐ ಆಮ್ ರಮೇಶ್, ಫ್ರಮ್ ಹಾಸನ್’ ಚೊಕ್ಕವಾಗಿದೆ. ಜೊತೆಗಿರುವ ತಮ್ಮನನ್ನು ಪರಿಚಯಿಸಲು ‘ದಿಸ್ ಈಸ್ ಮೈ ಬ್ರದರ್’. ಮೊದಲ ಭೇಟಿಗೆ ‘ನೈಸ್ ಟು ಮೀಟ್ ಯು’, ಆಮೇಲಿನದಕ್ಕೆ ‘ನೈಸ್ ಟು ಸೀ ಯು’. ರಾತ್ರಿ ಎದುರಾದವರಿಗೆ ‘ಗುಡ್ ನೈಟ್’ ಅಂದರೆ ಬಂದವರನ್ನು ಬಾಗಿಲಲ್ಲೇ ಬೀಳ್ಕೊಟ್ಟ ಹಾಗೆ. ಅಲ್ಲಿ ‘ಗುಡ್ ಈವ್ನಿಂಗ್’ ಸರಿ.

ಹಾಗೆಂದು ಕಂಡಕಂಡವರಿಗೆಲ್ಲ ‘ಹಾಯ್’ ಎಸೆಯಬೇಡಿ. ಕಚೇರಿಯ ಹಿರಿಯರಿಗೆ ‘ಗುಡ್ ಮಾರ್ನಿಂಗ್, ಸರ್’ ಇಂದಿಗೂ ಬೇಕು. ಮೇಲಿನ ಮಹಡಿಯ ಅಜ್ಜಿಗೆ ಕೈಮುಗಿದು ‘ನಮಸ್ತೆ’ ಅನ್ನಿ. ಸರೋಜಿನಿ ಮಾರ್ಕೆಟ್‌ನ ಬಟ್ಟೆಯಂಗಡಿಯಲ್ಲಂತೂ ಇಂಗ್ಲಿಷ್ ತೆಗೆಯಲೇಬೇಡಿ, ಬೆಲೆ ಏರೀತು! ಅಲ್ಲಿ ‘ಭಯ್ಯಾ’ ಎಂದೇ ಚೌಕಾಸಿ ಶುರುಮಾಡಿ.

ನಾಲಿಗೆ ಪಳಗಿಸಲು ಸಂಕೋಚವೇ? ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘ ದೂರವೇನಲ್ಲ. ಅಲ್ಲಿ ಸಿಗುವ ಕನ್ನಡದ ಗೆಳೆಯರೊಡನೆ ಕಾಫಿ ಕುಡಿಯುತ್ತಾ ಇದೇ ಮಾತುಗಳನ್ನು ಆಡಿನೋಡಿ.