ಗಾಳದ ಕ್ರೀಡೆ, ದೋಣಿ ವಿಹಾರ ಮತ್ತು ರಕ್ಷಣಾ ನಿಧಿ: ಒಂದು ಅಧ್ಯಯನ

ಪೀಠಿಕೆ

ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮದ ಹೆಸರನ್ನು ಕೇಳಿದ ಹೊಸಬರಿಗೆ ನೀರು, ನಾವೆಗಳು ನೆನಪಾಗುವುದು ಸಹಜ. ಊರಾದರೋ ಕಪ್ಪತಗುಡ್ಡದ ಸೆರಗಿನಲ್ಲಿದೆ. ನಾವೆ ತೇಲುವ ತುಂಗಭದ್ರೆ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಹರಿಯುತ್ತಾಳೆ. ಹಮ್ಮಿಗಿ ಗ್ರಾಮದ ಬಳಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ನಿರ್ಮಾಣವಾದ ಮೇಲೆ ಅಲ್ಲಿ ವಿಸ್ತಾರವಾದ ಹಿನ್ನೀರು ನಿಲ್ಲುತ್ತಿದೆ. ಇಂತಹ ಜಲರಾಶಿಯನ್ನು ಕಂಡಾಗ ದೋಣಿ ವಿಹಾರವನ್ನೂ ಗಾಳದ ಕ್ರೀಡೆಯನ್ನೂ ಉದ್ಯಮವಾಗಿ ಬೆಳೆಸಬಾರದೇಕೆ ಎಂಬ ಆಲೋಚನೆ ವರ್ತಕ ಬಂಧುಗಳಲ್ಲಿ ಮೂಡುವುದು ಸ್ವಾಭಾವಿಕ. ಆದರೆ ಬಂಡವಾಳ ಹೂಡುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದಿದೆ. ನೀರಿನೊಳಗಿನ ಮೀನನ್ನೂ ನೀರಿನ ಮೇಲಿನ ಪ್ರಯಾಣಿಕನನ್ನೂ ಕಾಯುವ ವೆಚ್ಚವನ್ನು ಭರಿಸುವವರು ಯಾರು?

1. ಅಮೆರಿಕದ ಮಾದರಿ

ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನವು 1950ರಲ್ಲಿ ಒಂದು ಉತ್ತರ ಕಂಡುಕೊಂಡಿತು. ಆ ವರ್ಷ ಜಾರಿಗೆ ಬಂದ ಡಿಂಗೆಲ್–ಜಾನ್ಸನ್ ಕಾಯಿದೆಯ ಪ್ರಕಾರ ಗಾಳದ ಕೋಲು, ದಾರದ ರಾಟೆ, ಕೃತಕ ಎರೆ ಮುಂತಾದ ಸಾಮಗ್ರಿಗಳ ಮೇಲೆ ತಯಾರಕರು ಕೊಡುವ ಶೇ. 10ರ ಅಬಕಾರಿ ಸುಂಕವು ಮೀನಿನ ಸಂರಕ್ಷಣೆಗೆ ಮೀಸಲಾಯಿತು. 1984ರ ವ್ಯಾಲಪ್–ಬ್ರೋ ತಿದ್ದುಪಡಿಯು ಮೋಟಾರು ದೋಣಿಗಳ ಇಂಧನ ತೆರಿಗೆಯನ್ನೂ ವಿಹಾರ ದೋಣಿಗಳ ಆಮದು ಸುಂಕವನ್ನೂ ಇದಕ್ಕೆ ಸೇರಿಸಿ, ಸಂರಕ್ಷಣೆಯ ಜೊತೆಗೆ ದೋಣಿ ಸುರಕ್ಷತೆಗೂ ಹಣ ಒದಗಿಸಿತು.

ಈ ವ್ಯವಸ್ಥೆಯಲ್ಲಿ ವ್ಯಾಪಾರಿಗಳು ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು ಹಂಚಿಕೆಯ ಸೂತ್ರ. ರಾಜ್ಯಗಳಿಗೆ ಸಲ್ಲುವ ಸಂರಕ್ಷಣಾ ಹಣದಲ್ಲಿ ಶೇ. 60 ಭಾಗವನ್ನು ಪರವಾನಗಿ ಪಡೆದ ಗಾಳಗಾರರ ಸಂಖ್ಯೆಗೂ ಶೇ. 40 ಭಾಗವನ್ನು ರಾಜ್ಯದ ವಿಸ್ತೀರ್ಣಕ್ಕೂ ಅನುಗುಣವಾಗಿ ಹಂಚಲಾಗುತ್ತದೆ. ಎರಡನೆಯದು ಪಾಲುದಾರಿಕೆ. ಸಂರಕ್ಷಣಾ ಕಾಮಗಾರಿಯ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 75ರವರೆಗೆ, ಉಳಿದುದನ್ನು ರಾಜ್ಯವೇ ಭರಿಸಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಗಾಳದ ಪರವಾನಗಿಯಿಂದ ಬಂದ ಹಣವನ್ನು ಮೀನು ಮತ್ತು ವನ್ಯಜೀವಿ ಇಲಾಖೆಯ ಆಡಳಿತದ ಹೊರತು ಬೇರೆ ಬಾಬಿಗೆ ಬಳಸುವ ರಾಜ್ಯವು ಈ ನೆರವಿಗೆ ಅರ್ಹವಾಗುವುದಿಲ್ಲ. ಅಂದರೆ, ನೀರಿನಿಂದ ಬಂದ ಹಣ ನೀರಿಗೇ ಮರಳಬೇಕೆಂಬುದು ಅಲ್ಲಿಯ ಕಟ್ಟಳೆ.

2. ಕಾವೇರಿಯ ಅನುಭವ

ಅಂತಹ ನಿಧಿ ಇಲ್ಲದೆಯೂ ನಮ್ಮ ರಾಜ್ಯದಲ್ಲಿ ಒಂದು ಪ್ರಯೋಗ ನಡೆದಿದೆ. ಕಾವೇರಿಯ ಮಹಶೀರ್, ಅಂದರೆ ಬಿಳಿಮೀನು, ಜಗತ್ತಿನ ಗಾಳಗಾರರನ್ನು ಸೆಳೆದ ಮೀನು. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದ ಮಹಶೀರ್ ಸುಮಾರು 120 ಪೌಂಡು ತೂಗಿತ್ತು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಶಿಬಿರಗಳು ನಡೆದು, ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವ ಪದ್ಧತಿ ನೆಲೆಗೊಂಡಿತು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ಕೆಲವರು ಕಾವಲುಗಾರರಾಗಿ, ಮಾರ್ಗದರ್ಶಿಗಳಾಗಿ ಸಂಬಳ ಪಡೆದರು. ಪ್ರವಾಸಿಯ ಹಣವೇ ಮೀನಿನ ಕಾವಲಿಗೆ ವೆಚ್ಚವಾಯಿತು.

ಗಾಲಿಬೋರೆ ಶಿಬಿರದ ಲೆಕ್ಕಪುಸ್ತಕದ ಬೆಲೆ ತಿಳಿದದ್ದು ಆಮೇಲೆ. 1998ರಿಂದ 2012ರವರೆಗಿನ ದಾಖಲೆಗಳಲ್ಲಿ 23,620 ಗಂಟೆಗಳ ಗಾಳಗಾರಿಕೆ ಹಾಗೂ 6,161 ಮಹಶೀರ್‌ಗಳ ವಿವರವಿತ್ತು. ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಿಂದ ಆಘಾತಕರ ಸಂಗತಿ ಹೊರಬಂದಿತು. ಮೀನುಗಳ ಒಟ್ಟು ಸಂಖ್ಯೆ ಹೆಚ್ಚುತ್ತಿತ್ತು. ಆದರೆ ಕಾವೇರಿಯ ಸ್ವಂತ ತಳಿಯಾದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿ, ಬೇರೆ ಜಲಾನಯನದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಆ ಜಾಗವನ್ನು ಆಕ್ರಮಿಸಿತ್ತು. ಸಂರಕ್ಷಣೆಯ ಸದುದ್ದೇಶದಿಂದ ಬಿಟ್ಟ ಮರಿಗಳೇ ಮೂಲ ತಳಿಗೆ ಕುತ್ತಾದವು. ಗೂನುಬೆನ್ನಿನ ಮಹಶೀರ್‌ನ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಈ ನಡುವೆ, ವನ್ಯಜೀವಿ ಕಾನೂನಿನ ಕಾರಣದಿಂದ ಕಾವೇರಿ ವನ್ಯಜೀವಿ ಧಾಮದಲ್ಲಿ ಗಾಳದ ಕ್ರೀಡೆ ನಿಂತಿತು. ಕ್ರೀಡೆಯೊಡನೆ ಆದಾಯವೂ ಅದರಿಂದ ನಡೆಯುತ್ತಿದ್ದ ಕಾವಲೂ ದಿನದಿನದ ದಾಖಲೆಯೂ ನಿಂತವು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ನಿಂತುಹೋದ ಆದಾಯಕ್ಕೆ ಬದಲಾಗಿ ಮೀಸಲು ನಿಧಿಯೊಂದು ಸಿದ್ಧವಿರಲಿಲ್ಲ. ಇದೇ ಈ ಅಧ್ಯಯನದ ತಿರುಳು.

3. ಸುರಕ್ಷತೆಯ ಲೆಕ್ಕ

ಮೀನಿಗಿಂತ ಮನುಷ್ಯನ ಪ್ರಾಣ ದೊಡ್ಡದು. 2019ರ ಜನವರಿ 21ರಂದು ಕಾರವಾರದ ಸಮೀಪ ಕೂರ್ಮಗಡ ಜಾತ್ರೆಗೆ ಹೋಗಿದ್ದ ಭಕ್ತರ ದೋಣಿ ಮಗುಚಿ 16 ಜನರು ಮೃತಪಟ್ಟರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು. ಅದು ಸಮುದ್ರ, ನಮ್ಮದು ನದಿ ಎಂದು ಸಮಾಧಾನಪಡುವಂತಿಲ್ಲ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ದೋಣಿ ಮುಳುಗಿ ಶಾಲಾ ಮಕ್ಕಳೂ ಶಿಕ್ಷಕಿಯರೂ ಪ್ರಾಣ ಕಳೆದುಕೊಂಡದ್ದು ಊರೊಳಗಿನ ನೀರಿನಲ್ಲಿಯೇ.

2021ರ ಒಳನಾಡು ನಾವೆಗಳ ಕಾಯಿದೆಯು 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದಿದ್ದು, ಯಂತ್ರಚಾಲಿತ ನಾವೆಗಳ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ ಹಾಗೂ ವಿಮೆಯ ಬಗ್ಗೆ ನಿಯಮ ವಿಧಿಸುತ್ತದೆ. ಯಂತ್ರರಹಿತ ನಾವೆಗಳಿಗೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿರುವುದರಿಂದ ತುಂಗಭದ್ರೆಯ ಹರಿಗೋಲುಗಳ ವಿಷಯವೂ ಚರ್ಚೆಗೆ ಬರತಕ್ಕದ್ದು.

4. ನಮ್ಮಲ್ಲಿರುವ ನೆರವು

ನಮ್ಮ ದೇಶದಲ್ಲಿ ಗಾಳದ ಸಾಮಗ್ರಿಯ ಮೇಲಿನ ತೆರಿಗೆ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತದೆಯೇ ಹೊರತು ಮೀನಿಗೆಂದು ಮೀಸಲಾಗುವುದಿಲ್ಲ. ನೆರವು ದೊರೆಯುವುದು ಯೋಜನೆಗಳ ಮೂಲಕ. 2020ರಲ್ಲಿ ಆರಂಭವಾದ, ರೂ. 20,050 ಕೋಟಿ ಅಂದಾಜಿನ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನದಿಗಳಿಗೆ ಮೀನುಮರಿ ಬಿಡುವ ಕಾರ್ಯಕ್ಕೂ ಮನರಂಜನಾ ಮೀನುಗಾರಿಕೆಗೂ ಅವಕಾಶ ಕಲ್ಪಿಸಲಾಗಿತ್ತು. ಆದರೆ ಯೋಜನೆಗೆ ಅವಧಿಯುಂಟು, ನದಿಗೆ ಅವಧಿಯಿಲ್ಲ. ವರ್ಷ ವರ್ಷವೂ ಬೇಕಾಗುವ ಕಾವಲು ಮತ್ತು ಸುರಕ್ಷತೆಗೆ ಸ್ಥಳೀಯವಾಗಿಯೇ ಆದಾಯ ಹುಟ್ಟಬೇಕು.

ಒಂದು ಊಹೆಯ ಲೆಕ್ಕ ನೋಡೋಣ. ದೋಣಿ ವಿಹಾರದ ಟಿಕೆಟು ರೂ. 50 ಎಂದೂ ವರ್ಷಕ್ಕೆ 20,000 ಟಿಕೆಟುಗಳು ಮಾರಾಟವಾಗುವುವೆಂದೂ ಭಾವಿಸಿರಿ. ಪ್ರತಿ ಟಿಕೆಟಿನಲ್ಲಿ ರೂ. 5 ಪ್ರತ್ಯೇಕ ಖಾತೆಗೆ ಜಮೆಯಾದರೆ ವರ್ಷಕ್ಕೆ ರೂ. 1 ಲಕ್ಷ ಕೂಡುತ್ತದೆ. ಹರಿದ ಜೀವರಕ್ಷಕ ಅಂಗಿಗಳನ್ನು ಬದಲಿಸಲು, ಈಜು ಬಲ್ಲ ಸ್ಥಳೀಯ ಯುವಕರಿಗೆ ತರಬೇತಿ ಕೊಡಲು ಇದು ಒಳ್ಳೆಯ ಆರಂಭ.

ಉಪಸಂಹಾರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವರ್ತಕರು ಮುಂದೆ ಇಂತಹ ಉದ್ಯಮಕ್ಕೆ ಕೈಹಾಕುವುದಾದರೆ ನಾಲ್ಕು ನಿಯಮಗಳನ್ನು ಮೊದಲೇ ಒಪ್ಪಿಕೊಳ್ಳುವುದು ಹಿತಕರ:

(ಅ) ಟಿಕೆಟಿನ ಒಂದು ಪಾಲು ಪ್ರತ್ಯೇಕ ಖಾತೆಯಲ್ಲಿದ್ದು, ಸುರಕ್ಷತೆ ಮತ್ತು ಸಂರಕ್ಷಣೆಗಲ್ಲದೆ ಬೇರೆ ಯಾವುದಕ್ಕೂ ಬಳಕೆಯಾಗಕೂಡದು.
(ಆ) ಜೀವರಕ್ಷಕ ಅಂಗಿ ತೊಡದವರನ್ನು ನಾವೆಗೆ ಹತ್ತಿಸಕೂಡದು.
(ಇ) ತುಂಗಭದ್ರೆಯ ಸ್ವಂತ ತಳಿಯಲ್ಲದ ಮೀನನ್ನು ನೀರಿಗೆ ಬಿಡಕೂಡದು. ಹಿಡಿದ ಮೀನಿನ ತಳಿ, ತೂಕಗಳ ದಾಖಲೆ ಇಡಬೇಕು.
(ಈ) ಆ ನೀರನ್ನೇ ನಂಬಿದ ಮೀನುಗಾರ ಕುಟುಂಬಗಳ ಹಕ್ಕಿಗೆ ಚ್ಯುತಿ ಬರಬಾರದು. ಉದ್ಯೋಗದಲ್ಲಿ ಅವರಿಗೆ ಮೊದಲ ಆದ್ಯತೆ ಸಲ್ಲಬೇಕು.

ಅಸಲನ್ನು ಕರಗಿಸಿ ಲಾಭವೆಂದು ಬರೆದುಕೊಳ್ಳುವ ವ್ಯಾಪಾರ ಉಳಿಯುವುದಿಲ್ಲವೆಂಬುದನ್ನು ನಮ್ಮ ಹಿರಿಯ ವರ್ತಕರು ಬಲ್ಲರು. ನದಿಯ ವಿಷಯದಲ್ಲಿ ಮೀನೂ ಪ್ರಯಾಣಿಕರ ವಿಶ್ವಾಸವೂ ಅಸಲು. ಅವೆರಡನ್ನೂ ಕಾಯುವ ವೆಚ್ಚವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿಯುವುದು ವಿವೇಕ.