ಡೀಸೆಲ್ ಕಾರು ಏಕಾಏಕಿ ಎಳೆಯದಾದರೆ: ಮಾಡಬೇಕಾದ್ದು, ಮಾಡಬಾರದ್ದು

ಎಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏರು ಹತ್ತದಿದ್ದರೆ ಹೆಚ್ಚಿನವರ ಬಾಯಲ್ಲಿ ಬರುವ ಮೊದಲ ಮಾತು ‘ಟರ್ಬೊ ಹೋಯ್ತು’. ಟರ್ಬೊ ಕೊನೆಯಲ್ಲಿ ನೋಡಬೇಕಾದ ಭಾಗ. ಅದಕ್ಕೂ ಮೊದಲು ಗಾಳಿಯ ದಾರಿ ಮತ್ತು ಡೀಸೆಲ್ ದಾರಿ ನೋಡಿ ಮುಗಿಸಬೇಕು.

ಮಾಡಬೇಕಾದ್ದು

ಓವರ್‌ಟೇಕ್ ಅಲ್ಲಿಗೇ ಕೈಬಿಡಿ. ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ಬನ್ನಿ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿದ್ದರೆ ತಿರುವು ಬಿಟ್ಟು, ಸಣ್ಣ ಗೇರಿನಲ್ಲೇ ಅಗಲ ಜಾಗದವರೆಗೆ ಹೋಗಿ ನಿಲ್ಲಿಸಿ. ಆಯಿಲ್ ದೀಪ ಕೆಂಪಾಗಿದ್ದರೆ ಅಥವಾ ಟೆಂಪರೇಚರ್ ಮುಳ್ಳು ಮೇಲೇರಿದ್ದರೆ ಮಾತ್ರ ಒಂದು ಮಾರು ದೂರವೂ ಓಡಿಸದೆ, ಇದ್ದಲ್ಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ.

ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಅದು ಕ್ಲಚ್ ಜಾರುವುದು, ಇಂಜಿನ್ ಬಿಚ್ಚಿಸಬೇಡಿ. ಆರ್‌ಪಿಎಂ ಸುಮಾರು 3000ದ ಆಸುಪಾಸಿನಲ್ಲಿ ಕಟ್ಟಿಹಾಕಿದಂತೆ ನಿಂತಿದ್ದರೆ ಕಂಪ್ಯೂಟರ್ ತಾನೇ ಇಂಜಿನ್ನಿಗೆ ಕಡಿವಾಣ ಹಾಕಿರಬಹುದು. ಇದೇ ಲಿಂಪ್ ಮೋಡ್. ನಿಂತ ಮೇಲೆ ಕೀ ಆಫ್ ಮಾಡಿ, ಸ್ವಲ್ಪ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಪಿಕಪ್ ಮರಳಿತೋ ಇಲ್ಲವೋ ಬರೆದಿಟ್ಟುಕೊಳ್ಳಿ. ಯಾವ ಗೇರು, ಎಷ್ಟು ವೇಗ, ಏರೋ ಸಮತಟ್ಟೋ, ಡೀಸೆಲ್ ಹಾಕಿಸಿ ಎಷ್ಟು ದೂರ ಬಂದಿರಿ ಎಂಬುದನ್ನೂ ಬರೆಯಿರಿ. ಮೆಕ್ಯಾನಿಕ್‌ಗೆ ‘ಗಾಡಿ ಎಳೀತಿಲ್ಲ’ ಎಂದಷ್ಟೇ ಹೇಳಿದರೆ ಅವರೂ ಊಹೆ ಮಾಡಬೇಕಾಗುತ್ತದೆ.

ಹೊಗೆ ನೋಡಿ. ಕಪ್ಪು ಹೊಗೆಯ ಜೊತೆ ಬಾನೆಟ್ ಒಳಗೆ ಸುಯ್ ಎಂಬ ಸದ್ದಿದ್ದರೆ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸೀಳಿರಬಹುದು, ಕ್ಲಿಪ್ ಕಳಚಿರಬಹುದು. ಇಂಜಿನ್ ಆರಿದ ಮೇಲೆ ಹೋಸಿನ ಅಡಿಭಾಗವನ್ನೂ ಬೆರಳಿನಿಂದ ಸವರಿ ನೋಡಿ. ಸೀಳು ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ಹೊಗೆಯೇ ಇಲ್ಲದೆ ಪವರ್ ಸತ್ತರೆ ಡೀಸೆಲ್ ಫಿಲ್ಟರ್ ಕಟ್ಟಿರುವ ಅನುಮಾನ ಮೊದಲು. ಆದರೆ 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಹೊಗೆಯನ್ನು ನಂಬಬೇಡಿ. ಹೊಗೆಯ ದಾರಿಯಲ್ಲಿರುವ ಫಿಲ್ಟರ್, ಅಂದರೆ ಡಿಪಿಎಫ್, ಮಸಿಯನ್ನು ತಡೆದಿಟ್ಟುಕೊಳ್ಳುವುದರಿಂದ ಕಪ್ಪು ಹೊಗೆ ಸಾಮಾನ್ಯವಾಗಿ ಹೊರಗೆ ಕಾಣುವುದೇ ಇಲ್ಲ.

ಡೀಸೆಲ್ ಫಿಲ್ಟರ್‌ನಲ್ಲಿ ನೀರಿದೆ ಎಂಬ ದೀಪ ಹತ್ತಿದರೆ ಅಂದೇ ನೀರು ಇಳಿಸಿ. ಡಿಪಿಎಫ್ ದೀಪ ಈಗಷ್ಟೇ ಹತ್ತಿ, ಪವರ್ ಇನ್ನೂ ಇದ್ದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ವೇಗದಲ್ಲಿ ಹೆದ್ದಾರಿಯಲ್ಲಿ 15–20 ನಿಮಿಷ ನಿಲ್ಲಿಸದೆ ಓಡಿಸಿ. ಬರೀ ಊರೊಳಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದಕ್ಕಷ್ಟೇ ಡೀಸೆಲ್ ಕಾರು ಇಟ್ಟುಕೊಂಡವರಿಗೆ ಈ ದೀಪ ತಪ್ಪಿದ್ದಲ್ಲ.

ಮಾಡಬಾರದ್ದು

ಸ್ಕ್ಯಾನ್ ಮಾಡಿ ದೋಷದ ಕೋಡ್ ಬರೆದುಕೊಳ್ಳುವ ಮೊದಲು ಅದನ್ನು ಅಳಿಸಕೂಡದು. ಬ್ಯಾಟರಿ ವಯರ್ ಕಳಚಿ ದೀಪ ಆರಿಸುವುದೂ ಬೇಡ. ಕೋಡ್ ಹೇಳುವುದು ಲಕ್ಷಣವನ್ನು. ಪಿ0299 ಎಂದರೆ ಟರ್ಬೊ ಗಾಳಿಯ ಒತ್ತಡ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ಹರಿದ ಹೋಸ್, ಬಿರಿದ ವ್ಯಾಕ್ಯೂಮ್ ಪೈಪ್, ಸಿಕ್ಕಿಕೊಂಡ ಆಕ್ಚುಯೇಟರ್, ಯಾವುದರಿಂದಲೂ ಅದು ಬರುತ್ತದೆ. ಪಿ0087 ಬಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯಾದ ರೈಲ್‌ನಲ್ಲಿ ಡೀಸೆಲ್ ಒತ್ತಡ ಕಡಿಮೆ. ಫಿಲ್ಟರ್ ನೋಡದೆ ಪಂಪ್ ಬಿಚ್ಚಲು ಒಪ್ಪಬೇಡಿ.

ಇಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಲೇಬೇಡಿ. ಹಳೆಯ ಡೀಸೆಲ್ ಇಂಜಿನ್ನುಗಳಲ್ಲಿ ಹೀಗೆ ಮಾಡುತ್ತಿದ್ದರು. ಕಾಮನ್‌ರೈಲ್ ಇಂಜಿನ್ನಿನಲ್ಲಿ ಒತ್ತಡ 1600 ಬಾರ್ ಮುಟ್ಟಿ ದಾಟುತ್ತದೆ. ಕೂದಲೆಳೆಯಷ್ಟು ಸೋರಿಕೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಪೆಟ್ರೋಲ್ ತಪ್ಪಿ ತುಂಬಿಸಿದ್ದರೆ ಕೀಯನ್ನೇ ಮುಟ್ಟಬೇಡಿ, ಟ್ಯಾಂಕ್ ಖಾಲಿ ಮಾಡಿಸಿ. ಏರ್‌ಫ್ಲೋ ಸೆನ್ಸರನ್ನು ಬಟ್ಟೆಯಿಂದ ಒರೆಸಬೇಡಿ. ಡಿಪಿಎಫ್ ಕತ್ತರಿಸಿ ಬಿಸಾಡಿಸುವ, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ಮುಚ್ಚಿಸುವ ಸಲಹೆ ಯಾರಿಂದ ಬಂದರೂ ಬೇಡ: ಕಾಯಿದೆಯೂ ಒಪ್ಪದು, ಮೂಲ ದೋಷವೂ ಹೋಗದು.

ನೀಲಿ ಹೊಗೆ ಬರುತ್ತಿದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದಿದೆ ಎಂದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಟರ್ಬೊ ಸೀಲ್ ಹೋಗಿದ್ದರೆ ಇಂಜಿನ್ ತನ್ನ ಆಯಿಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಭೋರ್ಗರೆಯಬಹುದು. ಟರ್ಬೊ ಬದಲಿಸುವುದೇ ಖಚಿತವಾದರೆ ಅದಕ್ಕೆ ಆಯಿಲ್ ಒಯ್ಯುವ ಪೈಪನ್ನೂ ಬದಲಿಸಿ, ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ತೆಗೆಸಿ. ಇಲ್ಲದಿದ್ದರೆ ಹೊಸ ಟರ್ಬೊವೂ ಅದೇ ದಾರಿ ಹಿಡಿಯುತ್ತದೆ.